ತಂದೆ, ಮಗ, ಪವಿತ್ರಾತ್ಮ: ದೇವರು ಒಬ್ಬರೇ, ಮೂವರೇ?

"ದೇವರು ಒಬ್ಬನೇ ಅಂತೀರಿ. ಪ್ರಾರ್ಥನೆಗೆ ನಿಂತರೆ ತಂದೆ, ಮಗ, ಪವಿತ್ರಾತ್ಮ ಅಂತ ಮೂವರನ್ನು ಕರೀತೀರಿ. ಇದರಲ್ಲಿ ಯಾವುದು ಸರಿ?" ಈ ಅಂಕಣದ ಓದುಗರು ಕ್ರೈಸ್ತ ಧರ್ಮದ ಬಗ್ಗೆ ಕೇಳುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಹಿಂದೂ ಗೆಳೆಯರು ಕೇಳುತ್ತಾರೆ. ನಮ್ಮ ತ್ರಿಮೂರ್ತಿಗಳ ಹಾಗೆ ನಿಮ್ಮಲ್ಲೂ ಮೂವರಿದ್ದಾರೆಯೇ ಎಂಬ ಕುತೂಹಲ ಅವರದು. ಕೃಷ್ಣಗಿರಿಯ ಮುಸ್ಲಿಂ ಸ್ನೇಹಿತರು ಕೇಳುತ್ತಾರೆ. ಅಲ್ಲಾಹನಿಗೆ ಸಮಾನರಿಲ್ಲ ಎಂಬ ನಂಬಿಕೆಯಲ್ಲಿ ಬೆಳೆದವರಿಗೆ ದೇವರಿಗೊಬ್ಬ ಮಗನಿದ್ದಾನೆ ಎಂಬ ಮಾತು ಒಪ್ಪಿಗೆಯಾಗುವುದಿಲ್ಲ. ಆದರೆ ಈ ಪ್ರಶ್ನೆಯನ್ನು ಹೆಚ್ಚು ಸಂಕಟದಿಂದ ಕೇಳುವವರು ಕ್ರೈಸ್ತರೇ. ಅಣ್ಣ ಕ್ಯಾಥೋಲಿಕ್ ದೇವಾಲಯಕ್ಕೆ, ತಂಗಿ ಪೆಂತೆಕೊಸ್ತು ಸಭೆಗೆ ಹೋಗುವ ಮನೆಗಳು ನಮ್ಮ ಕಡೆ ಈಗ ಅಪರೂಪವಲ್ಲ. ಅಲ್ಲಿ ಈ ಪ್ರಶ್ನೆ ಪುಸ್ತಕದ ವಿಷಯವಾಗಿ ಉಳಿದಿಲ್ಲ. ಮದುವೆಗೆ, ಮಗುವಿನ ಜ್ಞಾನಸ್ನಾನಕ್ಕೆ, ಸತ್ತವರ ಮಣ್ಣಿಗೆ ಯಾರು ಬರಬೇಕು, ಯಾರು ಬರಬಾರದು ಎಂಬಲ್ಲಿಗೆ ಅದು ಬಂದು ನಿಂತಿದೆ.

ತಮಿಳುನಾಡಿನ ಗಡಿಯೂರು ಹೊಸೂರಿನಲ್ಲಿ ಕೂತು ಈ ವಿಷಯ ಬರೆಯುವುದಕ್ಕೆ ಒಂದು ಅನುಕೂಲವಿದೆ. ತ್ರಿಯೇಕ ದೇವರ, ಅಂದರೆ ಮೂವರಾಗಿಯೂ ಒಬ್ಬರೇ ಆದ ದೇವರ ಬಗ್ಗೆ ಕ್ರೈಸ್ತರು ಈ ಎರಡು ಸಾವಿರ ವರ್ಷಗಳಲ್ಲಿ ಯೋಚಿಸಿದ ಬಹುಪಾಲು ದಾರಿಗಳು ಈ ಊರಿನ ಸುತ್ತಮುತ್ತಲೇ ಸಿಗುತ್ತವೆ. ಕ್ರೈಸ್ತ ಮತ ಈ ಭಾಗಕ್ಕೆ ಹೊಸದಲ್ಲ. ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ದೊ ಚಿನ್ನಮಿ 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಆರಂಭಿಸಿದರು, ಕನ್ನಡ ಕಲಿತು ಕನ್ನಡದಲ್ಲೇ ಧರ್ಮಬೋಧೆಯ ಪುಸ್ತಕ ಬರೆದರು. ಆ ಮಿಷನ್ನಿನ ಕೆಲಸ ಧರ್ಮಪುರಿಯ ಕಡೆಗೂ ಹಬ್ಬಿತ್ತು. ಮುಂದೆ ಹೊಸೂರು ಸೀಮೆ ಮೈಸೂರಿನ ಕೈಯಿಂದ ಬ್ರಿಟಿಷರ ಕೈಗೆ ಹೋಯಿತು, ಸೇಲಂ ಜಿಲ್ಲೆಯೊಳಗೆ ಸೇರಿತು, ಆಮೇಲೆ ಧರ್ಮಪುರಿಗೆ, 2004ರಲ್ಲಿ ಹೊಸ ಕೃಷ್ಣಗಿರಿ ಜಿಲ್ಲೆಗೆ ಬಂತು. ಗಡಿ ಬದಲಾಯಿತು, ಆಡಳಿತದ ಭಾಷೆ ಬದಲಾಯಿತು. ತಳಿ, ಡೆಂಕಣಿಕೋಟೆ ಕಡೆಯ ಹಳ್ಳಿಗಳಲ್ಲಿ ಕನ್ನಡ ಮಾತ್ರ ಉಳಿದುಕೊಂಡಿತು.

ಚರ್ಚುಗಳ ಸಂಖ್ಯೆ ಬೆಳೆದದ್ದು ಕೈಗಾರಿಕೆ ಬಂದ ಮೇಲೆ. ಸಿಪ್ಕಾಟ್ ಎಸ್ಟೇಟು, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಕಾರ್ಖಾನೆಗಳು ಕೇರಳ, ಆಂಧ್ರ, ತಮಿಳುನಾಡಿನ ದಕ್ಷಿಣ ಜಿಲ್ಲೆಗಳಿಂದ ಜನರನ್ನು ಕರೆತಂದವು. ಬಂದವರು ತಮ್ಮ ತಮ್ಮ ಪ್ರಾರ್ಥನೆಯನ್ನೂ ತಂದರು. ಇವತ್ತು ಹೊಸೂರಿನ ಲ್ಯಾಟಿನ್ ವಿಧಿಯ ಕ್ಯಾಥೋಲಿಕರು 1997ರಲ್ಲಿ ಸ್ಥಾಪನೆಯಾದ ಧರ್ಮಪುರಿ ಧರ್ಮಕ್ಷೇತ್ರಕ್ಕೆ ಸೇರಿದವರು. ಮಲಯಾಳಿ ಸಿರೋ ಮಲಬಾರ್ ಕ್ಯಾಥೋಲಿಕರಿಗೆ 2017ರ ಅಕ್ಟೋಬರಿನಲ್ಲಿ ಹೊಸೂರಿನ ಹೆಸರಿನಲ್ಲೇ ಬೇರೆ ಧರ್ಮಕ್ಷೇತ್ರವಾಯಿತು. ಸೆವೆಂತ್ ಡೇ ಅಡ್ವೆಂಟಿಸ್ಟರ ದಕ್ಷಿಣ ಏಷ್ಯಾ ವಿಭಾಗದ ಕೇಂದ್ರ ಕಚೇರಿ ಇರುವುದು ದೆಹಲಿಯಲ್ಲೋ ಮುಂಬೈಯಲ್ಲೋ ಅಲ್ಲ, ಇದೇ ಹೊಸೂರಿನಲ್ಲಿ. ಇವರ ಜೊತೆಗೆ ದಕ್ಷಿಣ ಭಾರತ ಸಭೆಯಾದ ಸಿಎಸ್‌ಐ, ಪೆಂತೆಕೊಸ್ತು ಸಭೆಗಳು, ಮನೆ ಮನೆಗೆ ಪತ್ರಿಕೆ ಹಿಡಿದು ಬರುವ ಯೆಹೋವನ ಸಾಕ್ಷಿಗಳು. ಎಲ್ಲರ ಕೈಯಲ್ಲೂ ಬೈಬಲ್ ಇದೆ. ಆದರೂ ದೇವರು ಹೇಗಿದ್ದಾರೆ ಎಂದು ಕೇಳಿದರೆ ಉತ್ತರ ಒಂದೇ ಅಲ್ಲ.

ಯಾಕೆ ಒಂದೇ ಅಲ್ಲ ಎಂಬುದು ತಿಳಿಯಬೇಕಾದರೆ "ಒಂದು ಹೇಗೆ ಮೂರಾಗುತ್ತದೆ" ಎಂಬ ಲೆಕ್ಕವನ್ನು ಬದಿಗಿಡಬೇಕು. ತ್ರಿಯೇಕತ್ವ ಲೆಕ್ಕದಿಂದ ಹುಟ್ಟಿದ್ದಲ್ಲ. ಅದು ಒಂದು ಪ್ರಶ್ನೆಗೆ ಸಿಕ್ಕ ಉತ್ತರ. ಆ ಪ್ರಶ್ನೆ: ಯೇಸು ಯಾರು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಯಾವ ಚರ್ಚಿನ ಬಾಗಿಲಿಗೆ ಹೋದರೂ ಅವರು ಹೇಳುವುದು ಅರ್ಥವಾಗುತ್ತದೆ, ಅವರಿಗೂ ಪಕ್ಕದವರಿಗೂ ಇರುವ ವ್ಯತ್ಯಾಸವೂ ಅರ್ಥವಾಗುತ್ತದೆ. ನಾನು ಇಲ್ಲಿ ಹೇಳಬೇಕೆಂದಿರುವುದು ಇಷ್ಟೇ.

ಯೇಸುವಿನ ಮೊದಲ ಶಿಷ್ಯರು ಯೆಹೂದ್ಯರು. ದೇವರು ಒಬ್ಬನೇ, ಅವನಲ್ಲದೆ ಬೇರೆಯವರಿಗೆ ತಲೆಬಾಗಬಾರದು ಎಂಬುದು ಅವರಿಗೆ ತಾಯಿಹಾಲಿನ ಜೊತೆ ಬಂದ ಪಾಠ. ಅದೇ ಜನ ಯೇಸು ಶಿಲುಬೆಯ ಮೇಲೆ ಸತ್ತು ಮತ್ತೆ ಎದ್ದರೆಂದು ನಂಬಿದ ಮೇಲೆ ಯೇಸುವನ್ನೇ ಪ್ರಭು ಎಂದು ಕರೆದು ಪ್ರಾರ್ಥಿಸತೊಡಗಿದರು. ಇದು ಶತಮಾನಗಳ ನಂತರ ಯಾರೋ ಸೇರಿಸಿದ ಮಾತಲ್ಲ. ಕ್ರಿ.ಶ. 112ರ ಹೊತ್ತಿಗೆ ಬಿಥೀನಿಯಾದ ರೋಮನ್ ಅಧಿಕಾರಿ ಪ್ಲಿನಿ ತನ್ನ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಬೆಳಗಿನ ಜಾವ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆ ಎಂದು ವರದಿ ಮಾಡಿದ್ದಾನೆ. ಪ್ಲಿನಿ ಕ್ರೈಸ್ತನಲ್ಲ, ಅವರನ್ನು ಶಿಕ್ಷಿಸುತ್ತಿದ್ದವನು. ಹೀಗೆ ಆ ಜನರ ಮುಂದೆ ಎರಡು ಮಾತು ನಿಂತವು. ದೇವರು ಒಬ್ಬನೇ. ಯೇಸು ಆರಾಧನೆಗೆ ಯೋಗ್ಯರು. ಆ ಯೇಸುವೋ ದೇವರನ್ನು ತಂದೆ ಎಂದು ಕರೆದು ಪ್ರಾರ್ಥಿಸಿದವರು, ತಾನು ಹೋದ ಮೇಲೆ ಪವಿತ್ರಾತ್ಮರು ಬರುತ್ತಾರೆಂದು ಹೇಳಿದವರು. ಇವುಗಳಲ್ಲಿ ಒಂದನ್ನೂ ಕೈಬಿಡದೆ ಬದುಕುವುದು ಹೇಗೆ?

ಸುಲಭದ ದಾರಿಗಳು ಎರಡು ಇದ್ದವು, ಎರಡನ್ನೂ ಹಿಡಿದವರಿದ್ದರು. ಮೂರನೇ ಶತಮಾನದಲ್ಲಿ ರೋಮಿನಲ್ಲಿ ಸಬೆಲ್ಲಿಯುಸ್ ಎಂಬ ಬೋಧಕನ ಹೆಸರಿನಲ್ಲಿ ಒಂದು ವಾದ ಬೆಳೆಯಿತು. ದೇವರು ಒಬ್ಬನೇ, ಅವನೇ ಒಮ್ಮೆ ತಂದೆಯಾಗಿ, ಒಮ್ಮೆ ಮಗನಾಗಿ, ಒಮ್ಮೆ ಆತ್ಮನಾಗಿ ತೋರಿಕೊಂಡ ಎಂಬುದು ಅದರ ಸಾರ. ನಾಲ್ಕನೇ ಶತಮಾನದ ಆರಂಭದಲ್ಲಿ ಅಲೆಕ್ಸಾಂಡ್ರಿಯಾದ ಗುರು ಆರಿಯುಸ್ ಇನ್ನೊಂದು ದಾರಿ ಹಿಡಿದ. ಮಗ ತುಂಬ ದೊಡ್ಡವನು, ಲೋಕಕ್ಕಿಂತ ಮೊದಲೇ ಇದ್ದವನು, ಆದರೂ ದೇವರಿಂದ ಸೃಷ್ಟಿಯಾದವನು; ತಂದೆಗೆ ಸಮನಲ್ಲ ಎಂದ. ಮೊದಲಿನವರು ಒಬ್ಬನೇ ದೇವರು ಎಂಬ ಮಾತನ್ನು ಉಳಿಸಿಕೊಳ್ಳಲು ತಂದೆಗೂ ಮಗನಿಗೂ ಇರುವ ಸಂಬಂಧವನ್ನೇ ಬಿಟ್ಟರು. ಎರಡನೆಯವರು ಆ ಸಂಬಂಧವನ್ನು ಉಳಿಸಿಕೊಂಡು ಯೇಸುವಿನ ದೈವತ್ವವನ್ನು ಬಿಟ್ಟರು.

ಆರಿಯುಸನ ವಾದ ಊರೂರಲ್ಲಿ ಜಗಳವಾಗಿ ಬೆಳೆದಾಗ ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಧರ್ಮಾಧ್ಯಕ್ಷರನ್ನು ನೈಸಿಯಾ ಪಟ್ಟಣಕ್ಕೆ ಕರೆಸಿದ. ಇಂದಿನ ಟರ್ಕಿಯ ಇಜ್ನಿಕ್ ಅದು. ಪ್ಲಿನಿ ಆಳಿದ ಅದೇ ಬಿಥೀನಿಯಾದ ಊರು. ಮಗ ಸೃಷ್ಟಿಯಾದವನಲ್ಲ, ತಂದೆಯ ಸತ್ವವೇ ಮಗನ ಸತ್ವ ಎಂದು ಅಲ್ಲಿ ತೀರ್ಮಾನವಾಯಿತು. ಅಷ್ಟಕ್ಕೆ ಜಗಳ ನಿಲ್ಲಲಿಲ್ಲ. ಈ ತೀರ್ಮಾನದ ಪರ ನಿಂತ ಅಥನಾಸಿಯುಸ್ ಮತ್ತೆ ಮತ್ತೆ ಗಡೀಪಾರಾದರು. ಬಾಸಿಲ್, ನಿಸ್ಸಾದ ಗ್ರೆಗರಿ, ನಾಜಿಯಾನ್ಸಿನ ಗ್ರೆಗರಿ ಎಂಬ ಮೂವರು ಗುರುಗಳು ಪವಿತ್ರಾತ್ಮರ ಬಗೆಗಿನ ಮಾತನ್ನೂ ಬಿಡಿಸಿ ಹೇಳಿದರು. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ನಂತರ ಇಂದು ಕ್ಯಾಥೋಲಿಕ್, ಆರ್ಥಡಾಕ್ಸ್, ಸಿಎಸ್‌ಐ ಚರ್ಚುಗಳು ಭಾನುವಾರ ಹೇಳುವ ವಿಶ್ವಾಸ ಪ್ರಮಾಣಕ್ಕೆ ರೂಪ ಬಂತು. ದೈವ ಸ್ವರೂಪ ಒಂದೇ. ತಂದೆ, ಮಗ, ಪವಿತ್ರಾತ್ಮ ಎಂಬ ಮೂವರೂ ಆ ಒಂದನ್ನು ಪೂರ್ಣವಾಗಿ ಉಳ್ಳವರು. ತಂದೆ ಮಗನಲ್ಲ, ಮಗ ಆತ್ಮನಲ್ಲ, ಆದರೆ ದೇವರು ಮೂವರಲ್ಲ. ಇದು ದೇವರನ್ನು ಅಳೆದು ಮುಗಿಸಿದ ಮಾತಲ್ಲ. ಈ ಬೇಲಿ ದಾಟಿದರೆ ಯೇಸುವನ್ನೋ ಏಕದೇವರನ್ನೋ ಕಳೆದುಕೊಳ್ಳುತ್ತೀರಿ ಎಂದು ಹಾಕಿದ ಗಡಿ.

ಧರ್ಮೋಪದೇಶದ ತರಗತಿಗಳಲ್ಲಿ ಇದನ್ನು ಮಕ್ಕಳಿಗೆ ಹೇಳಿಕೊಡುವಾಗ ಎಲ್ಲರಿಗೂ ಥಟ್ಟನೆ ಸಿಗುವ ಉದಾಹರಣೆ ನೀರು. ನೀರೇ ಮಂಜುಗಡ್ಡೆ, ನೀರೇ ಹಬೆ, ವಸ್ತು ಒಂದೇ ಎಂದು ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ. ಆದರೆ ಆ ಉದಾಹರಣೆ ಒಪ್ಪಿಸುವುದು ಸಬೆಲ್ಲಿಯುಸನ ವಾದವನ್ನು. ಅದೇ ನೀರು ಒಂದೇ ಹೊತ್ತಿಗೆ ಗಡ್ಡೆಯೂ ಹಬೆಯೂ ಆಗಿರುವುದಿಲ್ಲ, ಗಡ್ಡೆ ಹಬೆಯೊಡನೆ ಮಾತಾಡುವುದಿಲ್ಲ. ಗೆತ್ಸೆಮನಿ ತೋಟದಲ್ಲಿ ಯೇಸು ತಂದೆಗೆ ಮೊರೆಯಿಟ್ಟಾಗ ಅದು ಒಬ್ಬರು ಇನ್ನೊಬ್ಬರಿಗೆ ಇಟ್ಟ ನಿಜವಾದ ಮೊರೆ ಎಂಬುದು ತ್ರಿಯೇಕವಾದಿಗಳ ಪಟ್ಟು. ಹಾಗಾಗಿ ಕಲಿಸುವವರಿಗೆ ನನ್ನ ಸಲಹೆ: ಹೋಲಿಕೆ ಹುಡುಕುವ ಬದಲು ಶುಭಸಂದೇಶದ ಕಥೆಯನ್ನೇ ಹೇಳಿ. ಜೋರ್ಡಾನ್ ನದಿಯಲ್ಲಿ ಯೇಸು ಜ್ಞಾನಸ್ನಾನ ಪಡೆದು ಮೇಲೇಳುವಾಗ ತಂದೆಯ ದನಿ ಕೇಳಿದ್ದು, ಆತ್ಮರು ಪಾರಿವಾಳದಂತೆ ಇಳಿದದ್ದು ಮಕ್ಕಳಿಗೆ ಸೂತ್ರಕ್ಕಿಂತ ಚೆನ್ನಾಗಿ ಮುಟ್ಟುತ್ತದೆ.

ತ್ರಿಮೂರ್ತಿಗಳ ಮಾತಿಗೆ ಬರೋಣ. ಹೋಲಿಕೆ ಮೇಲ್ನೋಟಕ್ಕೆ ಸಹಜ, ಕೇಳುವವರ ಮನಸ್ಸಿನಲ್ಲಿ ಗೌರವವೂ ಇದೆ. ಆದರೂ ಎರಡೂ ಒಂದೇ ಅಲ್ಲ. ಬ್ರಹ್ಮ, ವಿಷ್ಣು, ಮಹೇಶ್ವರರಿಗೆ ಸೃಷ್ಟಿ, ಸ್ಥಿತಿ, ಲಯ ಎಂದು ಪುರಾಣಗಳಲ್ಲಿ ಕೆಲಸ ಹಂಚಿದೆ. ಮೂವರೂ ಒಂದೇ ಪರಬ್ರಹ್ಮದ ರೂಪಗಳು ಎಂದು ಹೇಳುವ ಪರಂಪರೆಗಳಿವೆ, ಶಿವನೇ ಅಥವಾ ವಿಷ್ಣುವೇ ಪರದೈವ ಎನ್ನುವ ಪರಂಪರೆಗಳೂ ಇವೆ. ಕ್ರೈಸ್ತ ತ್ರಿಯೇಕತ್ವದಲ್ಲಿ ಆ ಬಗೆಯ ಹಂಚಿಕೆ ಇಲ್ಲ. ಸೃಷ್ಟಿಯಲ್ಲಿ ಮೂವರೂ ಇದ್ದಾರೆ, ಉದ್ಧಾರದಲ್ಲೂ ಮೂವರೂ ಇದ್ದಾರೆ. ಅವರನ್ನು ಬೇರೆ ಮಾಡಿ ತೋರಿಸುವುದು ಕೆಲಸವಲ್ಲ, ಅವರೊಳಗಿನ ಸಂಬಂಧ. ತಂದೆ ಯಾರಿಂದಲೂ ಬಂದವರಲ್ಲ, ಮಗ ಅನಾದಿಯಿಂದ ತಂದೆಯಿಂದ ಹುಟ್ಟುವವರು, ಆತ್ಮರು ಹೊರಡುವವರು. ದೈಹಿಕ ಹುಟ್ಟಿನ ಮಾತು ಇದಲ್ಲ ಎಂಬುದನ್ನು ನನ್ನ ಮುಸ್ಲಿಂ ಸ್ನೇಹಿತರಿಗೆ ವಿಶೇಷವಾಗಿ ಹೇಳುತ್ತೇನೆ. ದೇವರು ಹೆಂಡತಿಯನ್ನು ಕೂಡಿ ಮಗನನ್ನು ಪಡೆದ ಎಂದು ಯಾವ ಚರ್ಚೂ ಈ ಮಾತಿಗೆ ಅರ್ಥ ಹಚ್ಚಿಲ್ಲ.

ತ್ರಿಯೇಕ ದೇವರನ್ನು ಒಪ್ಪಿದವರೊಳಗೂ ಭಿನ್ನಾಭಿಪ್ರಾಯವಿದೆ. ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುವ ಮಲಂಕರ ಆರ್ಥಡಾಕ್ಸ್ ಮಲಯಾಳಿಯೊಬ್ಬರು ಪವಿತ್ರಾತ್ಮರು ತಂದೆಯಿಂದ ಹೊರಡುವವರು ಎಂದು ವಿಶ್ವಾಸ ಪ್ರಮಾಣ ಹೇಳುತ್ತಾರೆ. ಪಕ್ಕದ ಮೆಷೀನಿನ ಲ್ಯಾಟಿನ್ ಕ್ಯಾಥೋಲಿಕರು ತಂದೆಯಿಂದಲೂ ಮಗನಿಂದಲೂ ಎನ್ನುತ್ತಾರೆ. ಮೂಲ ಪಾಠದಲ್ಲಿ ಇಲ್ಲದಿದ್ದ ಈ ಸೇರ್ಪಡೆ ಪಶ್ಚಿಮದ ಚರ್ಚುಗಳಲ್ಲಿ ನಿಧಾನವಾಗಿ ಹರಡಿ, 1014ರಲ್ಲಿ ರೋಮಿನ ಪೂಜೆಯೊಳಗೂ ಬಂತು. 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಬೇರೆಯಾದದ್ದಕ್ಕೆ ಇದೂ ಒಂದು ಕಾರಣ. ಪೂರ್ವದವರ ಭಯ, ದೈವತ್ವಕ್ಕೆ ಎರಡು ಮೂಲಗಳಾಗಿಬಿಡುತ್ತವೆ ಎಂಬುದು. ಪಶ್ಚಿಮದವರ ಭಯ, ಆತ್ಮರನ್ನು ಯೇಸುವಿನಿಂದ ಬೇರ್ಪಡಿಸಿದಂತಾಗುತ್ತದೆ ಎಂಬುದು. ನೈಸಿಯಾ ಸಭೆಗೆ 1700 ವರ್ಷ ತುಂಬಿದ 2025ರ ನವೆಂಬರಿನಲ್ಲಿ ಪೋಪ್ ಲಿಯೋ ಮತ್ತು ಕಾನ್‌ಸ್ಟಾಂಟಿನೋಪಲಿನ ಪಿತೃಪ್ರಧಾನ ಬಾರ್ತಲೊಮೆಯೊ ಅದೇ ಇಜ್ನಿಕ್‌ನಲ್ಲಿ ಜೊತೆಯಾಗಿ ನಿಂತು ಪ್ರಾರ್ಥಿಸಿದರು. ಸಾವಿರ ವರ್ಷದ ಬಿರುಕು ಒಂದು ದಿನಕ್ಕೆ ಮುಚ್ಚುವುದಿಲ್ಲ. ಆದರೂ ಒಟ್ಟಿಗೆ ನಿಲ್ಲಬಹುದು ಎಂದು ತೋರಿತು.

ನಮ್ಮೂರಿನ ದೃಷ್ಟಿಯಿಂದ ನನಗೆ ಹೆಚ್ಚು ಪಾಠ ಕಲಿಸಿದ್ದು ಅಡ್ವೆಂಟಿಸ್ಟರ ಕಥೆ. ಶನಿವಾರವನ್ನು ಸಬ್ಬತ್ ದಿನವಾಗಿ ಆಚರಿಸುವವರು, ಶಾಲೆ ಆಸ್ಪತ್ರೆಗಳಿಗೆ ಹೆಸರಾದವರು ಎಂದು ಅವರನ್ನು ಎಲ್ಲರೂ ಬಲ್ಲರು. ಅಮೆರಿಕದಲ್ಲಿ 1863ರಲ್ಲಿ ಈ ಚರ್ಚು ಅಧಿಕೃತವಾಗಿ ರೂಪುಗೊಂಡಾಗ ಅದರ ಹಿರಿಯರಲ್ಲಿ ಹಲವರು ತ್ರಿಯೇಕತ್ವವನ್ನು ಒಪ್ಪುತ್ತಿರಲಿಲ್ಲ. ಜೇಮ್ಸ್ ವೈಟ್, ಜೋಸೆಫ್ ಬೇಟ್ಸ್ ಇಬ್ಬರೂ ಬಂದದ್ದು ಆ ಸಿದ್ಧಾಂತವನ್ನು ತಿರಸ್ಕರಿಸಿದ್ದ ಪಂಗಡದಿಂದ. ಬೈಬಲಿನಲ್ಲಿ ಆ ಹೆಸರಿಲ್ಲ, ಮಹಾಸಭೆಗಳು ಮಾಡಿದ ತೀರ್ಮಾನ ನಮಗೆ ಯಾಕೆ ಎಂಬುದು ಅವರ ನಿಲುವಾಗಿತ್ತು. ಆಮೇಲೆ ಅವರು ಅದೇ ಬೈಬಲನ್ನು ಮತ್ತೆ ಓದಿದರು. 1898ರಲ್ಲಿ ಚರ್ಚಿನ ಸಹಸ್ಥಾಪಕಿ ಎಲೆನ್ ವೈಟ್ ಯೇಸುವಿನ ಜೀವನದ ಬಗ್ಗೆ ಬರೆದ 'ದ ಡಿಸೈರ್ ಆಫ್ ಏಜಸ್' ಪುಸ್ತಕ ಕ್ರಿಸ್ತನ ಜೀವ ಯಾರಿಂದಲೋ ಎರವಲು ಪಡೆದದ್ದಲ್ಲ ಎಂಬ ಕಡೆಗೆ ಅವರ ಮನಸ್ಸನ್ನು ತಿರುಗಿಸಿತು. 1931ರ ವಿಶ್ವಾಸ ಪ್ರಕಟಣೆಯಲ್ಲಿ ತ್ರಿಯೇಕತ್ವ ಸೇರಿತು, 1980ರಲ್ಲಿ ಡಲ್ಲಾಸ್ ಮಹಾಸಮ್ಮೇಳನ ಅದನ್ನು ಮೂಲ ನಂಬಿಕೆಗಳಲ್ಲಿ ಸ್ಪಷ್ಟವಾಗಿ ಬರೆಯಿತು. ನೈಸಿಯಾದ ಅಧಿಕಾರಕ್ಕೆ ತಲೆಬಾಗದ ಜನ ಯೇಸು ಯಾರು ಎಂಬ ಪ್ರಶ್ನೆಯನ್ನು ಬಿಡದೆ ಹಿಡಿದು ನೈಸಿಯಾದ ಹತ್ತಿರಕ್ಕೇ ಬಂದರು. ಯಾರೂ ಅವರನ್ನು ಬಲವಂತದಿಂದ ಎಳೆದು ತರಲಿಲ್ಲ. ಹೊಸೂರಿನಲ್ಲಿ ಅವರ ಕಚೇರಿಯ ಮುಂದೆ ಓಡಾಡುವವರಿಗೆ ಈ ಇತಿಹಾಸ ತಿಳಿದಿರಲಿ ಎಂಬುದು ನನ್ನ ಆಸೆ.

ಪೆಂತೆಕೊಸ್ತು ಸಭೆಗಳಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. 1913ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ಆರೊಯೊ ಸೆಕೊ ಶಿಬಿರದಲ್ಲಿ ಬೋಧಕರೊಬ್ಬರು ಅಪೊಸ್ತಲರು ದೀಕ್ಷಾಸ್ನಾನ ಕೊಟ್ಟದ್ದು ಯೇಸುವಿನ ಹೆಸರಿನಲ್ಲಿ ಮಾತ್ರ ಎಂದು ಎತ್ತಿ ಹೇಳಿದರು. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಸ್ನಾನ ಮಾಡಿಸಿ ಎಂಬ ಆಜ್ಞೆ ಇದೆ. ಅಪೊಸ್ತಲರ ಕೃತ್ಯಗಳಲ್ಲಿ ಯೇಸುವಿನ ಹೆಸರಷ್ಟೇ ಕಾಣುತ್ತದೆ. ಎರಡನ್ನೂ ಹೊಂದಿಸಲು ಹೊರಟ ಕೆಲವರು, ತಂದೆ ಮಗ ಆತ್ಮ ಎಂಬ ಮೂರಕ್ಕೂ ಹೆಸರು ಯೇಸುವೇ, ಯೇಸುವಿನಲ್ಲೇ ದೇವರು ಸಂಪೂರ್ಣವಾಗಿ ಇದ್ದಾರೆ ಎಂಬ ತೀರ್ಮಾನಕ್ಕೆ ಬಂದರು. 1916ರಲ್ಲಿ ಪೆಂತೆಕೊಸ್ತು ಸಂಘಟನೆಯಾದ ಅಸೆಂಬ್ಲೀಸ್ ಆಫ್ ಗಾಡ್ ತ್ರಿಯೇಕತ್ವವನ್ನು ತನ್ನ ನಂಬಿಕೆಯ ಪ್ರಕಟಣೆಯಲ್ಲಿ ಬರೆದಾಗ ನೂರಕ್ಕೂ ಹೆಚ್ಚು ಬೋಧಕರು ಹೊರಗೆ ಹೋದರು. ಅಲ್ಲಿಂದ ಬೆಳೆದ ಯುನೈಟೆಡ್ ಪೆಂತೆಕೊಸ್ತಲ್ ಚರ್ಚಿನಂಥ ಸಭೆಗಳು ಭಾರತದಲ್ಲೂ ಇವೆ. ಆದ್ದರಿಂದ ಪೆಂತೆಕೊಸ್ತಿನವರೆಲ್ಲ ಒಂದೇ ಎಂದು ತಿಳಿಯಬೇಡಿ. ಹಾಡು, ಚಪ್ಪಾಳೆ, ಅನ್ಯಭಾಷೆಯ ಪ್ರಾರ್ಥನೆ ಎರಡು ಕಡೆಯೂ ಒಂದೇ ತರಹ ಇರಬಹುದು. ಆದರೆ ಪೆಂತೆಕೊಸ್ತಿನವರಲ್ಲಿ ಹೆಚ್ಚಿನವರು ತ್ರಿಯೇಕ ದೇವರನ್ನೇ ನಂಬುವವರು.

ಈ ಭೇದ ಮನೆಯೊಳಗೆ ಎಷ್ಟು ನೋವು ತರಬಹುದು ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಪರಿಚಯದ ಮನೆಯೊಂದಕ್ಕೆ ಸೊಸೆಯಾಗಿ ಬಂದ ಹುಡುಗಿ ತವರಿನಲ್ಲಿ ತ್ರಿಯೇಕ ದೇವರ ಹೆಸರಿನಲ್ಲಿ ಸ್ನಾನ ಪಡೆದವಳು. ಗಂಡನ ಕಡೆಯ ಸಭೆಯಲ್ಲಿ ಅದು ಲೆಕ್ಕಕ್ಕಿಲ್ಲ, ಯೇಸುವಿನ ಹೆಸರಿನಲ್ಲಿ ಮತ್ತೆ ಮುಳುಗಿ ಏಳಬೇಕು ಎಂದರು. "ಹಾಗಾದರೆ ಇಷ್ಟು ದಿನ ನಾನು ಮಾಡಿದ ಪ್ರಾರ್ಥನೆ ಯಾರಿಗೂ ಮುಟ್ಟಲೇ ಇಲ್ವಾ ಅಣ್ಣಾ?" ಎಂದು ಅವಳು ಕೇಳಿದಳು. ಸಿದ್ಧಾಂತದ ಚರ್ಚೆ ನಡೆಸುವವರು ಈ ಪ್ರಶ್ನೆಯನ್ನು ಕಿವಿಗೊಟ್ಟು ಕೇಳಬೇಕು. ನಾನು ಅವಳಿಗೆ ಹೇಳಿದ್ದು: ಮುಟ್ಟಿದೆ ತಾಯಿ. ದೇವರು ಕೇಳಿಸಿಕೊಳ್ಳುವುದಕ್ಕೆ ಮೊದಲು ನಮ್ಮ ವಾದವನ್ನು ತಿದ್ದುತ್ತಾ ಕೂರುವುದಿಲ್ಲ.

ಸ್ನಾನದ ವಿಷಯದಲ್ಲಿ ಕ್ಯಾಥೋಲಿಕ್ ಚರ್ಚಿನ ನಿಯಮವನ್ನೂ ಓದುಗರು ತಿಳಿದಿರುವುದು ಒಳ್ಳೆಯದು. ಸಿಎಸ್‌ಐನಲ್ಲೋ ಬೇರೆ ಪ್ರೊಟೆಸ್ಟಂಟ್ ಚರ್ಚಿನಲ್ಲೋ ನೀರಿನಿಂದ, ತ್ರಿಯೇಕ ದೇವರ ಹೆಸರಿನಲ್ಲಿ ಸ್ನಾನ ಪಡೆದವರು ಕ್ಯಾಥೋಲಿಕರಾದರೆ ಮತ್ತೊಮ್ಮೆ ಸ್ನಾನ ಕೊಡುವುದಿಲ್ಲ. ಆದರೆ ಲ್ಯಾಟರ್ ಡೇ ಸೇಂಟ್ಸ್, ಅಂದರೆ ಮಾರ್ಮನ್ನರ ಸ್ನಾನ ಮಾನ್ಯವಲ್ಲ ಎಂದು 2001ರಲ್ಲಿ ವ್ಯಾಟಿಕನ್ ಹೇಳಿತು. ಮಾರ್ಮನ್ನರು ಉಚ್ಚರಿಸುವ ಹೆಸರುಗಳು ಅವೇ. ಆದರೆ ತಂದೆ, ಮಗ, ಆತ್ಮ ಮೂವರೂ ಪ್ರತ್ಯೇಕರು, ಉದ್ದೇಶದಲ್ಲಷ್ಟೇ ಒಂದು ಎಂಬುದು ಅವರ ನಂಬಿಕೆ. ಹೆಸರು ಒಂದೇ ಇದ್ದರೂ ಯಾರನ್ನು ಕರೆಯುತ್ತಿದ್ದೇವೆ ಎಂಬ ತಿಳಿವಳಿಕೆ ಬೇರೆಯಿದೆ ಎಂದು ಕ್ಯಾಥೋಲಿಕ್ ಚರ್ಚು ಲೆಕ್ಕ ಹಾಕಿತು.

ಯೆಹೋವನ ಸಾಕ್ಷಿಗಳು ಈ ಚರ್ಚೆಯಲ್ಲಿ ಆರಿಯುಸನಿಗೆ ಹತ್ತಿರದವರು. 'ಕಾವಲಿನಬುರುಜು' ಪತ್ರಿಕೆ ಹಿಡಿದು ಬಾಗಿಲು ತಟ್ಟುವ ಅವರು ಯೆಹೋವನೊಬ್ಬನೇ ಸರ್ವಶಕ್ತ ದೇವರು, ಯೇಸು ಆತನ ಮೊದಲ ಸೃಷ್ಟಿ, ಪವಿತ್ರಾತ್ಮ ದೇವರ ಶಕ್ತಿಯೇ ಹೊರತು ವ್ಯಕ್ತಿಯಲ್ಲ ಎನ್ನುತ್ತಾರೆ. ಅವರ ಪಂಗಡವನ್ನು ಆರಂಭಿಸಿದ ಚಾರ್ಲ್ಸ್ ಟೇಜ್ ರಸೆಲ್ 1912ರಲ್ಲೇ ತಿರುವಾಂಕೂರಿಗೆ ಬಂದಿದ್ದರು. ಸಾಕ್ಷಿಗಳ ಉತ್ತರವನ್ನು ನಾನು ಒಪ್ಪುವುದಿಲ್ಲ. ಆದರೆ ನಂಬಿದ್ದಕ್ಕಾಗಿ ಬೆಲೆ ತೆರಲು ಹಿಂಜರಿಯದವರು ಅವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡದಿದ್ದುದಕ್ಕೆ ಕೇರಳದಲ್ಲಿ ಶಾಲೆಯಿಂದ ಹೊರಹಾಕಲ್ಪಟ್ಟ ಆ ಪಂಗಡದ ಮಕ್ಕಳ ಪರವಾಗಿ 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬಿಜೋ ಇಮ್ಯಾನುಯೆಲ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರ ಆತ್ಮಸಾಕ್ಷಿಯನ್ನು ಕಾಯ್ದ ಆ ತೀರ್ಪು ನಮ್ಮೆಲ್ಲರ ಆಸ್ತಿ.

ಭಾರತೀಯರು ಈ ವಾದವನ್ನು ಸುಮ್ಮನೆ ಕೂತು ಕೇಳಲಿಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಮದ್ರಾಸಿನಲ್ಲಿ ವಿಲಿಯಂ ರಾಬರ್ಟ್ಸ್ ಎಂದು ಹೆಸರಾದ ತಮಿಳು ವೆಳ್ಳಾಳರೊಬ್ಬರು ತ್ರಿಯೇಕತ್ವವನ್ನು ಬಿಟ್ಟು, ದೇವರು ಒಬ್ಬರೇ ಎನ್ನುವ ಯೂನಿಟೇರಿಯನ್ ಸಭೆ ಕಟ್ಟಿದರು. ಕಲ್ಕತ್ತದಲ್ಲಿ ರಾಜಾ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ಬೋಧನೆಗಳನ್ನಷ್ಟೇ ಆರಿಸಿ ಪುಸ್ತಕ ಪ್ರಕಟಿಸಿದಾಗ ಸೆರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ನರೊಡನೆ ದೊಡ್ಡ ವಾಗ್ವಾದ ನಡೆಯಿತು. ರಾಯರ ಜೊತೆ ಕೂತು ಕೆಲಸ ಮಾಡುತ್ತಿದ್ದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಆಡಂ 1821ರಲ್ಲಿ ರಾಯರ ಕಡೆಗೇ ವಾಲಿ ಯೂನಿಟೇರಿಯನ್ ಆದರು. ಕಲಿಸಲು ಬಂದವರು ಕಲಿತ ಪ್ರಸಂಗ ಇದು.

ಇದಕ್ಕಿಂತ ಬೇರೆ ದಿಕ್ಕಿನಲ್ಲಿ ಹೊರಟವರೂ ಇದ್ದರು. ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು 1898ರಲ್ಲಿ ತ್ರಿಯೇಕ ದೇವರನ್ನು ಸಚ್ಚಿದಾನಂದನೆಂದು ಸಂಸ್ಕೃತದಲ್ಲಿ ಸ್ತುತಿಸಿದರು. ತಂದೆ ಸತ್, ಮಗ ಚಿತ್, ಆತ್ಮ ಆನಂದ. 1950ರಲ್ಲಿ ಫ್ರೆಂಚ್ ಗುರುಗಳಾದ ಮೊಂಷಾನೆ ಮತ್ತು ಲೆ ಸೊ ಕುಳಿತ್ತಲೈ ಹತ್ತಿರ ಕಾವೇರಿ ದಡದ ತಣ್ಣೀರ್‌ಪಳ್ಳಿಯಲ್ಲಿ ಕಟ್ಟಿದ ಆಶ್ರಮಕ್ಕೆ ಇಟ್ಟ ಹೆಸರೇ ಸಚ್ಚಿದಾನಂದ ಆಶ್ರಮ. ಮುಂದೆ ಅದನ್ನು ಬೆಳೆಸಿದ ಇಂಗ್ಲಿಷ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಭಾರತಕ್ಕೆ ಬಂದ ಹೊಸತರಲ್ಲಿ ನೆಲೆಸಿದ್ದು ನಮ್ಮ ಕೆಂಗೇರಿಯಲ್ಲಿ. ಈ ಪ್ರಯತ್ನವನ್ನು ನಾನು ಪ್ರೀತಿಯಿಂದ ನೋಡುತ್ತೇನೆ; ಈ ನೆಲದ ಮನಸ್ಸಿಗೆ ಅದು ನೇರವಾಗಿ ತಾಗುತ್ತದೆ. ಒಂದು ಎಚ್ಚರವನ್ನಂತೂ ಹೇಳಬೇಕು. ಸತ್, ಚಿತ್, ಆನಂದ ಒಬ್ಬರ ಗುಣಗಳಾಗಿಯೂ ಇರಬಲ್ಲವು. ಗುಣಗಳು ಒಂದನ್ನೊಂದು ಪ್ರೀತಿಸುವುದಿಲ್ಲ. ತಂದೆ ಮಗನನ್ನು ಪ್ರೀತಿಸುತ್ತಾರೆ ಎಂಬುದೇ ಶುಭಸಂದೇಶದ ಜೀವ.

ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ತ್ರಿಯೇಕ ದೇವರಲ್ಲಿ ನನಗೆ ನಂಬಿಕೆಯಿದೆ. ದೇವರು ಪ್ರೀತಿಯೇ ಆಗಿದ್ದರೆ ಲೋಕ ಹುಟ್ಟುವ ಮೊದಲೂ ಆ ಪ್ರೀತಿ ಇರಬೇಕಲ್ಲವೇ, ಪ್ರೀತಿಸುವವರೂ ಪ್ರೀತಿ ಪಡೆಯುವವರೂ ಇರಬೇಕಲ್ಲವೇ? ದೇವರ ಆಳದಲ್ಲೇ ಕೊಡುವುದು, ಪಡೆಯುವುದು ಇದೆ ಎಂದು ಈ ಸಿದ್ಧಾಂತ ಹೇಳುತ್ತದೆ. ಅದನ್ನು ನಂಬಿದವರು ಒಬ್ಬರನ್ನೊಬ್ಬರು ಮನೆಯಿಂದ ಹೊರಗಟ್ಟುವುದು ತಾವು ನಂಬಿದ್ದಕ್ಕೇ ವಿರುದ್ಧ ನಡೆದಂತೆ. ಹಾಗೆಂದು ಎಲ್ಲ ಉತ್ತರಗಳೂ ಒಂದೇ ಎಂದು ನಾನು ಹೇಳುವುದಿಲ್ಲ. ಯೇಸು ದೇವರೇ ಅಥವಾ ದೇವರು ಸೃಷ್ಟಿಸಿದವರೇ ಎಂಬುದು ಸಣ್ಣ ವ್ಯತ್ಯಾಸವಲ್ಲ. ಅದನ್ನು ಸಣ್ಣದು ಮಾಡಿದರೆ ಎರಡೂ ಕಡೆಯವರಿಗೆ ಅನ್ಯಾಯವಾಗುತ್ತದೆ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಹೀಗಿದೆ. ಕ್ರೈಸ್ತರಲ್ಲದವರು ನಿಮ್ಮ ಕ್ರೈಸ್ತ ನೆರೆಯವರನ್ನು "ನಿಮಗೆ ದೇವರು ಎಷ್ಟು?" ಎಂದು ಕೇಳುವ ಬದಲು "ನಿಮಗೆ ಯೇಸು ಯಾರು?" ಎಂದು ಕೇಳಿ, ಅವರ ಧರ್ಮ ನಿಮಗೆ ಚೆನ್ನಾಗಿ ತಿಳಿಯುತ್ತದೆ. ಕ್ರೈಸ್ತರು ಬೇರೆ ಸಭೆಯವರನ್ನು ಮೂರು ದೇವರ ಪೂಜಕರು, ಸುಳ್ಳು ಬೋಧಕರು ಎಂದು ಕರೆಯುವ ಮೊದಲು ಅದೇ ಪ್ರಶ್ನೆಯನ್ನು ಅವರಿಗೂ ಕೇಳಿ, ಉತ್ತರ ಮುಗಿಯುವವರೆಗೆ ಕಾಯಿರಿ. ಪಾಸ್ಟರುಗಳು, ಫಾದರುಗಳು ತಮ್ಮ ಸಭೆಗೆ ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹಳೆಯ ನಂಬಿಕೆಯನ್ನು ಅಳಿಸಿಹಾಕುವ ಒತ್ತಾಯ ಮಾಡಬೇಡಿ. ಅವರು ತಾವಾಗಿ ಒಪ್ಪಿ ಬರುವವರೆಗೆ ಸಮಯ ಕೊಡಿ. ನೈಸಿಯಾದಲ್ಲಿ ಆದ ತೀರ್ಮಾನ ಜನರ ಮನಸ್ಸಿನಲ್ಲಿ ನೆಲೆಯಾಗುವುದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಡ್ವೆಂಟಿಸ್ಟರಿಗೆ ಅದಕ್ಕಿಂತಲೂ ಹೆಚ್ಚು ವರ್ಷ ಬೇಕಾಯಿತು. ಒಂದು ಮನೆಯ ಸೊಸೆಗೆ ಒಂದು ವಾರದ ಗಡುವು ಕೊಡುವುದು ನ್ಯಾಯವಲ್ಲ.